ರಾಯಚೂರಿನಿಂದ ದೆಹಲಿಗೆ ನಿಜವಾಗಿ ಎಷ್ಟು ತಾಸು?

ರಾಯಚೂರಿನಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ವಿಮಾನದ ಟಿಕೆಟ್ ಕೇಳಿ ಬಂದವರಿಗೆ ದರ ಹೇಳುವ ಮೊದಲು ದೂರ ಮತ್ತು ಸಮಯದ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಮ್ಯಾಪ್ ತೆಗೆಯುತ್ತೇನೆ. ಬೆಂಗಳೂರು, ರಾಯಚೂರು, ದೆಹಲಿ ಮೂರೂ 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲೇ ಇವೆ. ಅಂದ್ರೆ ದೆಹಲಿ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಆದರೂ ಎಷ್ಟೋ ಜನ ರೂಢಿಯ ಮೇಲೆ ಬೆಂಗಳೂರಿಗೆ ಹೋಗಿ ವಿಮಾನ ಹತ್ತುತ್ತಾರೆ. ರಾತ್ರಿಯೆಲ್ಲಾ ಬಸ್ಸಿನಲ್ಲಿ ದಕ್ಷಿಣಕ್ಕೆ ಹೋಗಿ, ಬೆಳಿಗ್ಗೆ ಅಷ್ಟೇ ದೂರ ವಾಪಸ್ ಹಾರಬೇಕು. ಇದು ಸುಮ್ನೆ ದಣಿವು. ಅದಕ್ಕೇ ನಾನು ಹೈದರಾಬಾದ್‌ನಿಂದ ಹತ್ತಿ ಅನ್ನುತ್ತೇನೆ.

ಹಾರಾಟದ ಸಮಯಕ್ಕೆ ನನ್ನ ಲೆಕ್ಕ ಸುಲಭ. ನೇರ ದೂರವನ್ನು 800ರಿಂದ ಭಾಗಿಸಿ, ಬಂದದ್ದಕ್ಕೆ 35-40 ನಿಮಿಷ ಸೇರಿಸುತ್ತೇನೆ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 800 ಕಿ.ಮೀ. ಹೋಗುತ್ತದೆ. ರನ್‌ವೇವರೆಗೆ ಸಾಗುವುದು, ಏರುವುದು, ಇಳಿಯುವುದು ಮಾತ್ರ ನಿಧಾನ. ಹೈದರಾಬಾದ್‌ನಿಂದ ದೆಹಲಿಗೆ ನೇರ ದೂರ ಸುಮಾರು 1,260 ಕಿ.ಮೀ., ಎರಡೂಕಾಲು ತಾಸು. ಬೆಂಗಳೂರಿನಿಂದ ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ತಾಸು. ದೂರ ಕಮ್ಮಿ ಇದ್ದಷ್ಟೂ ಈ ಏರುವ ಇಳಿಯುವ ಹೊತ್ತಿನ ಪಾಲೇ ಜಾಸ್ತಿ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರು ನೇರಕ್ಕೆ ಸುಮಾರು 250 ಕಿ.ಮೀ. ಅಷ್ಟೆ. 800ರ ವೇಗದಲ್ಲಿ 20 ನಿಮಿಷವೂ ಬೇಡ, ಆದರೆ ಹಾರಾಟಕ್ಕೆ ಒಂದು ತಾಸಿನ ಹತ್ತಿರ ಹಿಡಿಯಬೇಕು.

ಆದರೆ ಜನ ಮರೆಯುವುದು ನೆಲದ ಮೇಲಿನ ಹೊತ್ತನ್ನು. "ಫೋನ್‌ನಾಗ ಎರಡೂಕಾಲು ತಾಸು ಅಂತ ಐತಲ್ರೀ ಅಣ್ಣಾ, ಮಧ್ಯಾಹ್ನ ಮೀಟಿಂಗ್ ಇಟ್ಕೊಳ್ಳಲೇನ್ರೀ?" ಎಂದು ಒಬ್ಬ ಹುಡುಗ ಕೇಳಿದ. ಕಾಗದದ ಮೇಲೆ ಬರೆದು ತೋರಿಸಿದೆ. ರಾಯಚೂರಿನಿಂದ ಮಕ್ತಲ್, ಮಹಬೂಬ್‌ನಗರದ ಮೇಲೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಸುಮಾರು 190 ಕಿ.ಮೀ. ಕಾರಿನಲ್ಲಿ ನಾಲ್ಕು ತಾಸು ಹಿಡಿ. ನಿಲ್ದಾಣ ಊರಿನ ದಕ್ಷಿಣಕ್ಕಿರುವುದರಿಂದ ಹೈದರಾಬಾದಿನ ಟ್ರಾಫಿಕ್ ಒಳಗೆ ಹೋಗುವ ಕೆಲಸವಿಲ್ಲ. ಹೊರಡುವ ಎರಡು ತಾಸು ಮೊದಲು ಅಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ ಅರ್ಧ ತಾಸು, ದೆಹಲಿಯೊಳಗೆ ಹೋಗಲು ಇನ್ನೊಂದು ತಾಸು. ಒಟ್ಟು ಹತ್ತು ತಾಸಿನ ಹತ್ತಿರ. ಅವನು ಮೀಟಿಂಗ್ ಮರುದಿನಕ್ಕೆ ಹಾಕಿಸಿಕೊಂಡ. ಹಾಗಿದ್ದರೂ ರೈಲಿಗಿಂತ ಇದು ಎಷ್ಟೋ ಬೇಗ. ರಾಯಚೂರಿನ ಮೇಲೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಒಂದು ಹಗಲು ಒಂದು ರಾತ್ರಿ ಸಾಲುವುದಿಲ್ಲ.

ಬಳ್ಳಾರಿ ಕಡೆಯವರು ಬೆಂಗಳೂರು ನಿಲ್ದಾಣಕ್ಕೇ ಹೋಗುವುದಾದರೆ ಅನಂತಪುರದ ಮೇಲೆ ಹೋಗಿ ಅನ್ನುತ್ತೇನೆ. 44ನೇ ಹೆದ್ದಾರಿ ದೇವನಹಳ್ಳಿ ಪಕ್ಕದಲ್ಲೇ ಹಾದುಹೋಗುತ್ತದೆ, ಊರೊಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ದುಬೈಗೆ ದುಡಿಯಲು ಹೋಗುವವರಿಗೆ ಇನ್ನೊಂದು ಮಾತು ಹೇಳುತ್ತೇನೆ. ಟಿಕೆಟ್ ಮೇಲಿನ ಸಮಯ ಆಯಾ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಹತ್ತಕ್ಕೆ ಹೊರಟು ಹನ್ನೆರಡೂವರೆಗೆ ತಲುಪುತ್ತದೆ ಎಂದಿದ್ದರೆ ನಿಜವಾಗಿ ನಾಲ್ಕು ತಾಸಿನ ಪ್ರಯಾಣ ಅದು. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಚಳಿಗಾಲದಲ್ಲಿ ವಾಪಸ್ ಬರುವ ವಿಮಾನ ಬೇಗ ತಲುಪುತ್ತದೆ. ದುಬೈಯಲ್ಲಿ ಕರೆದುಕೊಂಡು ಹೋಗಲು ಬರುವವರಿಗೆ ಟಿಕೆಟ್‌ನಲ್ಲಿರುವ ತಲುಪುವ ಸಮಯವನ್ನೇ ಹೇಳಿ, ನಮ್ಮ ಗಡಿಯಾರಕ್ಕೆ ಬದಲಾಯಿಸಿ ಹೇಳಬೇಡಿ.