ನಡುದಾರಿಯಲ್ಲಿ ವೀಲ್‌ಚೇರ್ ಕೈಕೊಡದಿರಲು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರು ಮೈಸೂರು, ಮಂಡ್ಯದ ಬಡಾವಣೆಗಳಲ್ಲಿ ಈಗ ಮನೆಗೊಬ್ಬರು. ಚಟ್ನಿಪುಡಿ ಕಟ್ಟಲು ತಿಂಗಳ ಮೊದಲೇ ತಯಾರಿ ನಡೆಯುತ್ತದೆ, ಮಂಡಿನೋವಿದೆ, ವಿಮಾನ ನಿಲ್ದಾಣದಲ್ಲಿ ತಳ್ಳಿಕೊಂಡು ಹೋಗಲು ವೀಲ್‌ಚೇರ್ ಬೇಕು ಎಂಬುದು ನೆನಪಾಗುವುದು ಮಾತ್ರ ಕೊನೆಗೆ. ದೇವನಹಳ್ಳಿಯಲ್ಲಿ ಮಗ ಜೊತೆಗಿರುತ್ತಾನೆ, ಚಿಂತೆಯಿಲ್ಲ. ಪೇಚಾಟ ಶುರುವಾಗುವುದು ಫ್ರಾಂಕ್‌ಫರ್ಟಿನಂಥ ಕಡೆ, ವಿಮಾನ ಬದಲಿಸುವಾಗ.

ಹಾಗಾಗಿ ಮೊದಲ ಕೆಲಸ ಟಿಕೆಟ್ಟಿನದು. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ನಾಲ್ಕು ಕಾಸು ಉಳಿಯುತ್ತದೆಂದು ಎರಡು ಟಿಕೆಟ್ ಬೇರೆಬೇರೆ ಕೊಂಡರೆ, ಮೊದಲ ವಿಮಾನ ಕಂಪನಿಯವರಿಗೆ ಹೇಳಿದ್ದು ಎರಡನೆಯವರಿಗೆ ಗೊತ್ತಾಗುವುದಿಲ್ಲ. ಒಂದೇ ಪಿಎನ್‌ಆರ್ ಇದ್ದರೂ ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು ಆಗಿರಬಹುದು. ಇಬ್ಬರಿಗೂ ಫೋನ್ ಮಾಡಿ, ಪ್ರತಿ ವಿಮಾನಕ್ಕೂ ವೀಲ್‌ಚೇರ್ ದಾಖಲಾಗಿದೆಯೇ ಎಂದು ಕೇಳಿ. ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕೆಂಬುದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ, ಯುರೋಪಿನದೂ ಅದೇ. ಟಿಕೆಟ್ ಕೊಂಡ ದಿನವೇ ಹೇಳಿಬಿಡುವುದು ವಾಸಿ.

ಆಗ ಅವರು, ಎಷ್ಟು ನಡೆಯಬಲ್ಲರು ಎಂದು ಕೇಳುತ್ತಾರೆ. ಸರಿಯಾದ ಉತ್ತರ ಕೊಡಿ, ಅದಕ್ಕೆ ತಕ್ಕ ಸಂಕೇತವನ್ನು ಟಿಕೆಟ್ಟಿಗೆ ಸೇರಿಸುತ್ತಾರೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಎಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದಿದ್ದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕರೆದೊಯ್ಯಬೇಕಿದ್ದರೆ ಡಬ್ಲ್ಯುಸಿಎಚ್‌ಸಿ. ಅಮ್ಮನನ್ನು ಕೇಳಿದರೆ, ‘ಚಾಮುಂಡಿ ಬೆಟ್ಟ ಹತ್ತಿದವಳು ಕಣೋ ನಾನು’ ಎನ್ನುತ್ತಾರೆ. ಅದು ಅವರು ಕಾಲೇಜಿನಲ್ಲಿದ್ದಾಗಿನ ಮಾತು! ವಿಮಾನ ದೂರದಲ್ಲಿ ನಿಂತು ಬಸ್ಸಿನಲ್ಲಿ ಕರೆದೊಯ್ಯುವ ಕಡೆ, ಡಬ್ಲ್ಯುಸಿಎಚ್‌ಆರ್ ಗುಂಪಿನವರು ಏಣಿ ಇಳಿಯಲೇಬೇಕಾಗುತ್ತದೆ.

ಕಾಲು ಗಟ್ಟಿಯಿದ್ದು, ಇಂಗ್ಲಿಷ್ ಬಾರದೆಂಬ ಅಂಜಿಕೆಗೆ ವೀಲ್‌ಚೇರ್ ಕೇಳುವವರೂ ಬಹಳ. ಅವರನ್ನು ಬಯ್ಯಲು ಮನಸ್ಸಾಗದು. ಆದರೆ ಅಂಥವರಿಗೆ, ಸಿಬ್ಬಂದಿಯೊಬ್ಬರು ಜೊತೆಗಿದ್ದು ದಾರಿ ತೋರಿಸುವ ‘ಮೀಟ್ ಅಂಡ್ ಅಸಿಸ್ಟ್’ ಎಂಬ ಬೇರೆಯೇ ಸೌಲಭ್ಯವಿದೆ, ಅದನ್ನು ವಿಚಾರಿಸಿ.

ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರಿನವರನ್ನು ಹತ್ತಿಸುವುದು ಮೊದಲು, ಇಳಿಸುವುದು ಎಲ್ಲರಿಗಿಂತ ಕೊನೆಗೆ. ಅಮೆರಿಕದೊಳಗೆ ವಿಮಾನ ಬದಲಿಸುವುದಾದರೆ ಇನ್ನೂ ಹೆಚ್ಚು ಬೇಕು: ಸಾಮಾನ್ಯವಾಗಿ ಇಳಿದ ಮೊದಲ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು.

ನಮ್ಮ ಅತ್ತೆಯನ್ನು ಒಂದು ವಿಮಾನ ನಿಲ್ದಾಣದಲ್ಲಿ ಮೂಲೆಯಲ್ಲಿ ಕೂರಿಸಿ, ‘ಫೈವ್ ಮಿನಿಟ್ಸ್’ ಎಂದು ಹೋದ ವೀಲ್‌ಚೇರ್ ತಳ್ಳುವವನು ತಿರುಗಿ ಬರಲಿಲ್ಲ. ಅತ್ತೆಯೋ, ಸಂಕೋಚದ ಮುದ್ದೆ. ಗಂಟೆಗಟ್ಟಲೆ ಸುಮ್ಮನೆ ಕೂತರು. ಕೊನೆಗೆ ಪಕ್ಕದಲ್ಲಿದ್ದ ತಮಿಳು ಹುಡುಗಿ ಅವರ ಬೋರ್ಡಿಂಗ್ ಪಾಸ್ ನೋಡಿ ಓಡಿಹೋಗಿ ಹೇಳಿದ್ದರಿಂದ ವಿಮಾನ ತಪ್ಪಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೇ ಹೊರಟರೂ ಕೊರಳಿಗೊಂದು ಚೀಟಿ. ದೊಡ್ಡ ಅಕ್ಷರದ ಇಂಗ್ಲಿಷಿನಲ್ಲಿ ಮುಂದಿನ ವಿಮಾನದ ಸಂಖ್ಯೆ, ಹೊರಡುವ ಹೊತ್ತು, ‘ದೂರ ನಡೆಯಲಾರೆ, ಗೇಟಿಗೆ ತಲುಪಿಸಿ’ ಎಂಬ ಸಾಲು, ಮಗಳ ಫೋನ್ ನಂಬರು. ಹೊರಡಲು ಒಂದೂವರೆ ಗಂಟೆ ಉಳಿದರೂ ಯಾರೂ ಬಾರದಿದ್ದರೆ ಸಮವಸ್ತ್ರದಲ್ಲಿರುವ ಯಾರಿಗಾದರೂ ಆ ಚೀಟಿ ತೋರಿಸಬೇಕು. ಇದನ್ನು ಮನೆಯಲ್ಲೇ ಒಮ್ಮೆ ಆಡಿಸಿ ಅಭ್ಯಾಸ ಮಾಡಿಸಿ, ನಗು ಬಂದರೂ ಸರಿ.

ಇನ್ನೊಂದು, ಹೆಂಗಸರು ಬಾಯಿಬಿಟ್ಟು ಹೇಳದ ಸಂಗತಿ. ಶೌಚಾಲಯ ಕೇಳಲು ನಾಚಿ ದಾರಿಯುದ್ದಕ್ಕೂ ನೀರೇ ಕುಡಿಯುವುದಿಲ್ಲ. ಗೇಟಿನ ಬಳಿ ಬಿಟ್ಟು ಹೋಗುವ ಮೊದಲು ತಳ್ಳುವವರಿಗೆ ‘ಟಾಯ್ಲೆಟ್’ ಎಂದರೆ ಸಾಕು, ಬಾಗಿಲವರೆಗೆ ಕರೆದೊಯ್ದು ಹೊರಗೆ ಕಾಯುತ್ತಾರೆ.