ಎರಡನೇ ದಿನ ಬೆಳಿಗ್ಗೆನೂ ಹತ್ತಬೇಕು ಅನ್ಸೋ ಬೈಕ್ ಆರಿಸೋದು ಹೇಗೆ

ಕಾಫಿ ಕುಯ್ಲು ಮುಗ್ದು, ಮಾರಿದ ದುಡ್ಡು ಕೈಗೆ ಬಂತು ಅಂದ್ರೆ ನಮ್ಮ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಹುಡುಗ್ರು ದೊಡ್ಡ ಬೈಕ್ ನೋಡೋಕೆ ಬೆಂಗ್ಳೂರಿಗೋ ಮಂಗ್ಳೂರಿಗೋ ಹೊರಡ್ತಾರೆ. ಮುಂದಿನ ದೀಪಾವಳಿ ಹೊತ್ತಿಗೆ ಅದ್ರಲ್ಲಿ ಎಷ್ಟೋ ಬೈಕುಗಳು ಶೆಡ್ಡಲ್ಲಿ ಗೊಬ್ಬರದ ಚೀಲದ ಪಕ್ಕ ಟಾರ್ಪಾಲ್ ಹೊದ್ಕೊಂಡು ನಿಂತಿರ್ತವೆ, ಓನರ್ ಮಾತ್ರ ಹಾಲು ತರೋಕೂ ಹಾಸನಕ್ಕೆ ಹೋಗೋಕೂ ಅದೇ ಹಳೇ ಸ್ಕೂಟರ್ ತೆಗೀತಾನೆ. ಇದನ್ನ ನಮ್ಮ ಮನೇಲೂ ನೋಡಿದೀನಿ, ಸ್ನೇಹಿತರ ಮನೇಲೂ ನೋಡಿದೀನಿ. ಬೈಕ್ ಕೆಟ್ಟದು ಅಂತ ಅಲ್ಲ, ಆರಿಸಿದ ರೀತಿ ತಪ್ಪು. ಫೋನಲ್ಲಿ ವಿಡಿಯೋ ನೋಡಿ ಟಾಪ್ ಸ್ಪೀಡ್ ಎಷ್ಟು, ಸೌಂಡ್ ಹೆಂಗಿದೆ ಅಂತ ತೀರ್ಮಾನ ಮಾಡ್ಕೊಂಡು ಹೋಗ್ತಾರೆ, ಶೋರೂಮಲ್ಲಿ ಎರಡು ನಿಮಿಷ ಕೂತು ಅಡ್ವಾನ್ಸ್ ಕೊಟ್ಟು ಬರ್ತಾರೆ.

ನಾನಿಲ್ಲಿ ಹೇಳ್ತಿರೋದು ಮಿಡ್‌ಸೈಜ್ ಸ್ಪೋರ್ಟ್ ಟೂರಿಂಗ್ ಬೈಕ್ ಬಗ್ಗೆ, ಅಂದ್ರೆ ಸುಮಾರು 400ರಿಂದ 650 ಸಿಸಿ ಒಳಗಿನ, ರೇಸ್ ಬೈಕ್ ತರ ಟ್ಯಾಂಕ್ ಮೇಲೆ ಮಲಗಿಸದೆ, ಕ್ರೂಸರ್ ತರ ಕಾಲನ್ನೂ ಮುಂದಕ್ಕೆ ಚಾಚಿಸದೆ, ಎದೆಗೆ ಬೀಳೋ ಗಾಳಿ ತಡೆದು ಹಿಂದೆ ಒಬ್ರನ್ನೂ ಎರಡು ಬ್ಯಾಗನ್ನೂ ಹೊರೋ ಬೈಕ್. ಅದರ ದಾಯಾದಿಗಳಾದ, ಎತ್ತರವಾಗಿದ್ದು ಕೆಟ್ಟ ರೋಡಿಗೂ ಆಗೋ ಅಡ್ವೆಂಚರ್ ಬೈಕುಗಳನ್ನೂ ಲೆಕ್ಕಕ್ಕೆ ತಗೊಂಡಿದೀನಿ, ಯಾಕಂದ್ರೆ ನಮ್ಮ ರೋಡಿಗೆ ಎರಡನ್ನೂ ಪಕ್ಕಪಕ್ಕ ಇಟ್ಟೇ ನೋಡ್ಬೇಕು.

ಮೊದ್ಲು ಪೇಪರ್ ತಗೊಂಡು ಹೋದ ತಿಂಗಳು ನೀವು ನಿಜವಾಗ್ಲೂ ಎಲ್ಲೆಲ್ಲಿ ಓಡಾಡಿದ್ರಿ ಅಂತ ಬರೀರಿ. ಚಿಕ್ಕಮಗಳೂರಿಂದ ಬೇಲೂರು ಮೇಲೆ ಹಾಸನಕ್ಕೆ 60 ಕಿಮೀ ಚಿಲ್ಲರೆ, ಐ.ಜಿ. ರಸ್ತೆ ಟ್ರಾಫಿಕ್ಕು, ತೋಟದ ಮಣ್ಣು ದಾರಿ ಒಂದು ಕಿಮೀ, ತಿಂಗಳಿಗೊಂದು ಸಲ ಬೆಂಗ್ಳೂರು. ಲಡಾಖ್ ಆಸೆನ ಆಮೇಲೆ ನೋಡೋಣ, ಬೈಕ್ ಈ ಪಟ್ಟಿಗೆ ಹೊಂದ್ಬೇಕು.

ಎರಡನೇದು ಎಂಜಿನ್ನು ಮತ್ತೆ ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ, 350 ಸಿಸಿ ತನಕ 18 ಪರ್ಸೆಂಟು, ಅದು ದಾಟಿದ್ರೆ 40. ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್, ಇದು ದೇಶದಲ್ಲೇ ಜಾಸ್ತಿ ಇರೋ ಕಡೆಗಳಲ್ಲಿ ಒಂದು, ಹಂಗಾಗಿ ಎಕ್ಸ್ ಶೋರೂಮ್ ರೇಟ್ ನೋಡಿ ಬಜೆಟ್ ಹಾಕ್ಬೇಡಿ, ಆನ್ ರೋಡ್ ಎಷ್ಟು ಅಂತ ಲಿಖಿತವಾಗಿ ಕೇಳಿ, ಹೆಲ್ಮೆಟ್ಟು, ಜಾಕೆಟ್ಟು, ಬ್ಯಾಗಿಗೆ ಅಂತ ಬೇರೆ ದುಡ್ಡು ತೆಗೆದಿಡಿ. ಎಂಜಿನ್ ವಿಷ್ಯಕ್ಕೆ ಬಂದ್ರೆ ನನ್ನ ಅಭಿಪ್ರಾಯ ಗಟ್ಟಿ ಇದೆ: ಹೈವೇಲಿ ಜಾಸ್ತಿ ಓಡಾಡೋರು ಎರಡು ಸಿಲಿಂಡರಿನದೇ ತಗೊಳ್ಳಿ. ದೊಡ್ಡ ಸಿಂಗಲ್ ಸಿಲಿಂಡರ್ ಘಾಟಲ್ಲಿ ಚೆನ್ನಾಗಿ ಎಳೆಯುತ್ತೆ, ರಿಪೇರಿನೂ ಸುಲಭ, ಆದ್ರೆ ಗಂಟೆಗಟ್ಲೆ 110ರಲ್ಲಿ ಹೋದಾಗ ಅಂಗೈಗೂ ಅಂಗಾಲಿಗೂ ಜುಂ ಹಿಡಿಯುತ್ತೆ. ನಾಲ್ಕು ಸಿಲಿಂಡರ್ ನಮ್ಮ ಕಡೆಗೆ ಬೇಡ್ವೇ ಬೇಡ, ಅದರ ಜೋರೆಲ್ಲ ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಇರುತ್ತೆ, ಚಾರ್ಮಾಡಿ ತಿರುವಲ್ಲಿ ನೀವಿರೋದು 30ರಿಂದ 50 ಸ್ಪೀಡಲ್ಲಿ, ಎರಡು ಮೂರನೇ ಗೇರಲ್ಲಿ. ಹಾರ್ಸ್‌ಪವರ್ ಬಿಟ್ಟು ಟಾರ್ಕ್, ಅಂದ್ರೆ ಎಂಜಿನ್ ಎಳೆಯೋ ಬಲ (ಎನ್‌ಎಂ ಲೆಕ್ಕದಲ್ಲಿ), ಎಷ್ಟು ಆರ್‌ಪಿಎಂಗೆ ಪೂರ್ತಿ ಬರುತ್ತೆ ಅಂತ ಓದಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಗೆ 40 ಎನ್‌ಎಂ 5,500ಕ್ಕೆ ಬರುತ್ತೆ, ಕವಾಸಕಿ ನಿಂಜಾ 650ಗೆ 60 ಎನ್‌ಎಂ ಚಿಲ್ಲರೆ 6,700ಕ್ಕೆ. ಈ ಎರಡೂ ನಂಬರ್ ನಮ್ಮ ರೋಡಲ್ಲಿ ದಿನಾ ಕೈಗೆ ಸಿಗೋವಂಥವು.

ಈಗ ಎಲ್ರೂ ಎಡವೋ ಜಾಗ: ಬೈಕು ನಿಮ್ಮ ಮೈಗೆ ಆಗುತ್ತಾ ಅನ್ನೋದು.

ಶೋರೂಮಿಗೆ ಹೋಗೋ ಮುಂಚೆ ಮನೇಲಿ ಕಾಲಿನ ಅಳತೆ ತಗೊಳ್ಳಿ. ರೈಡಿಂಗಿಗೆ ಹಾಕೋ ಶೂ ಹಾಕ್ಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕನ ತೊಡೆ ಸಂದೀಲಿ ಮೇಲಕ್ಕೆ ಒತ್ತಿ ಹಿಡ್ದು, ಪುಸ್ತಕದ ಮೇಲಂಚಿಂದ ನೆಲದ ತನಕ ಟೇಪ್ ಹಿಡೀರಿ. ಆ ನಂಬರನ್ನ ಸೀಟ್ ಎತ್ತರದ ಜೊತೆ ಹೋಲಿಸಿ. ನಿಂಜಾ 650 ಸೀಟು 790 ಮಿಮೀ, ಬಜಾಜ್ ಡಾಮಿನಾರ್ 400ದು 800, ಹೋಂಡಾ ಎನ್‌ಎಕ್ಸ್ 500ದು 830, ಕವಾಸಕಿ ವರ್ಸಿಸ್ 650ದು 845. ಹಿಮಾಲಯನ್ 450 ಸೀಟನ್ನ 825ಕ್ಕೂ 845ಕ್ಕೂ ಮಾಡ್ಕೋಬೋದು. ಆದ್ರೆ ನಂಬರ್ ಒಂದನ್ನೇ ನಂಬೋಕಾಗಲ್ಲ, ಸೀಟಿನ ಮುಂಭಾಗ ಅಗಲ ಇದ್ರೆ ತೊಡೆ ಹೊರಕ್ಕೆ ಹೋಗಿ 800ರ ಸೀಟೂ 830ರ ತರ ಆಗುತ್ತೆ, ಸಣ್ಣಗಿದ್ರೆ ಎತ್ತರದ್ದೂ ಸಲೀಸು.

ಶೋರೂಮಿನ ಗ್ರಾನೈಟ್ ನೆಲದ ಮೇಲೆ ಎಲ್ಲಾ ಬೈಕೂ ಕಾಲಿಗೆ ಸಿಗುತ್ತೆ. ನಮ್ಮೂರಲ್ಲಿ ಸಪಾಟು ನೆಲ ಎಲ್ಲಿದೆ ಹೇಳಿ. ನಮ್ಮ ಭಾವ ಐದಡಿ ಐದಿಂಚು, ಎತ್ತರದ ಬೈಕ್ ತಗೊಂಡು ಮೂರನೇ ವಾರಕ್ಕೆ ಅಕ್ಕನ್ನ ಕೂರಿಸ್ಕೊಂಡು ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನೋಕೆ ಹೋದ್ರು. ರೋಡ್ ಸೈಡಲ್ಲಿ ನಿಲ್ಸುವಾಗ ಎಡಗಾಲು ಇಟ್ಟ ಕಡೆ ಜಲ್ಲಿ ಜಾರಿ ನೆಲ ಮೂರಿಂಚು ಕೆಳಗಿತ್ತು, ಅಷ್ಟೇ, ಇನ್ನೂರು ಕೆಜಿ ಮೇಲಿನ ಬೈಕ್ ವಾಲಿದ್ದು ವಾಲ್ಕೊಂಡೇ ಹೋಯ್ತು. ಅಕ್ಕನ ಪಾದದ ಗಂಟು ಉಳುಕಿ ಒಂದೂವರೆ ತಿಂಗಳು ಕಷ್ಟಪಟ್ಟಳು, ಮತ್ತೆ ಆ ಬೈಕ್ ಹತ್ತೇ ಇಲ್ಲ. ಅದಕ್ಕೇ ಹೇಳೋದು, ಟೆಸ್ಟ್ ಬೈಕನ್ನ ಶೋರೂಮಿನ ಇಳಿಜಾರಿಗೆ, ಪಕ್ಕಕ್ಕೆ ವಾಲಿರೋ ರೋಡಿನ ಅಂಚಿಗೆ ತಗೊಂಡೋಗಿ ನಿಲ್ಸಿ, ತಗ್ಗು ಇರೋ ಕಡೆಯ ಕಾಲು ಇಳಿಸಿ. ಎರಡೂ ಪಾದದ ಮುಂದಿನ ಅರ್ಧ ಗಟ್ಟಿಯಾಗಿ ನೆಲಕ್ಕೆ ಸಿಗ್ಬೇಕು. ಬರೀ ಬೆರಳ ತುದಿ ಸಿಕ್ಕಿದ್ರೆ ಆ ಬೈಕ್ ಬಿಡಿ, ಅಭ್ಯಾಸ ಆಗುತ್ತೆ ಅಂತ ಸೇಲ್ಸ್ ಹುಡುಗ ಹೇಳಿದ್ರೂ ಬಿಡಿ. ಸಸ್ಪೆನ್ಷನ್ ಇಳಿಸಿ ಬೈಕ್ ಕುಳ್ಳ ಮಾಡ್ಕೊಡ್ತೀವಿ ಅನ್ನೋ ಶಾರ್ಟ್‌ಕಟ್ಟಿಗೂ ಒಪ್ಬೇಡಿ, ಬೈಕ್ ತಿರುಗೋ ರೀತಿನೇ ಬದಲಾಗುತ್ತೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಸರಿಯಾಗಿ ವಾಲದೆ ಸ್ಟ್ಯಾಂಡಿನ ಎದುರು ಕಡೆಗೆ ಬೀಳೋ ಹಂಗಾಗುತ್ತೆ.

ಆಮೇಲೆ ಎಂಜಿನ್ ಆಫ್ ಮಾಡಿ, ಕೂತ್ಕೊಂಡೇ ಕಾಲಲ್ಲಿ ಹಿಂದಕ್ಕೆ ತಳ್ಳಿ, ಸ್ವಲ್ಪ ಏರಿದ್ರೆ ಇನ್ನೂ ಒಳ್ಳೇದು. ಇಳಿದೂ ತಳ್ಳಿ. ವರ್ಸಿಸ್ 219 ಕೆಜಿ, ಎನ್‌ಎಕ್ಸ್ 500, ನಿಂಜಾ, ಹಿಮಾಲಯನ್ ಮೂರೂ 196 ಕೆಜಿ ಆಸುಪಾಸು. ಆ 20 ಕೆಜಿ ಚಿಲ್ಲರೆ ವ್ಯತ್ಯಾಸ ರೋಡಲ್ಲಿ ಗೊತ್ತೇ ಆಗಲ್ಲ, ಮನೆ ಗೇಟಿನ ಏರಲ್ಲಿ ದಿನಾ ಬೆಳಿಗ್ಗೆ ಗೊತ್ತಾಗುತ್ತೆ.

ಇನ್ನು ಕೈ, ಬೆನ್ನು, ಮಂಡಿ. ಸ್ನೇಹಿತರೊಬ್ರಿಗೆ ಬೈಕ್ ನೆಟ್ಟಗೆ ಹಿಡಿಯೋಕೆ ಹೇಳಿ, ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು, ರೈಡ್ ಮಾಡೋ ಹಂಗೇ ಬಗ್ಗಿ, ಈಗ ಹ್ಯಾಂಡಲ್ಲಿಂದ ಎರಡೂ ಕೈ ಒಂದಿಂಚು ಮೇಲೆತ್ತಿ. ಮೈ ಮುಂದಕ್ಕೆ ಕುಸಿದ್ರೆ ನಿಮ್ಮ ಭಾರ ಮಣಿಕಟ್ಟಿನ ಮೇಲಿದೆ ಅಂತ ಅರ್ಥ, ಶಿರಾಡಿ ಇಳಿಯುವಾಗ ಅದು ಇನ್ನೂ ಜಾಸ್ತಿ ಆಗುತ್ತೆ. ಮೊಣಕೈ ಸ್ವಲ್ಪ ಬಗ್ಗಿರ್ಬೇಕು, ಮಂಡಿ ತೀರಾ ಮಡಚಬಾರ್ದು, ಮಡಚಿದ್ರೆ ಅರಸೀಕೆರೆ ತಲುಪೋ ಹೊತ್ತಿಗೆ ಕಾಲು ಚಾಚೋಕೆ ಜಾಗ ಹುಡುಕ್ತೀರಿ. ಕೈ ಮತ್ತೆ ಹ್ಯಾಂಡಲ್ ಮೇಲಿಟ್ಟು ಹಿಂಗೇ ಇಪ್ಪತ್ತು ನಿಮಿಷ ಕೂರಿ. ಶೋರೂಮಿನವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ, ದುಡ್ಡು ಕೊಡೋರು ನೀವು. ಹಿಂದೆ ಕೂರೋರನ್ನೂ ಕರ್ಕೊಂಡು ಹೋಗಿ ಕೂರಿಸಿ, ಅವರ ಮಂಡಿ ಎಲ್ಲಿ ಬರುತ್ತೆ, ಹಿಡ್ಕೊಳ್ಳೋಕೆ ಏನಿದೆ ಅಂತ ಅವರೇ ಹೇಳ್ಲಿ.

ಟೆಸ್ಟ್ ರೈಡ್ ಅಂತ ಶೋರೂಮಿನವ್ರು ಕೊಡೋ ಎರಡು ಕಿಮೀ ಸುತ್ತು ಯಾವ ಲೆಕ್ಕಕ್ಕೂ ಇಲ್ಲ. ಬೆಂಗ್ಳೂರಲ್ಲಿ ಈ ಕ್ಲಾಸಿನ ಬೈಕು ಬಾಡಿಗೆಗೆ ಸಿಗುತ್ವೆ, ಕಪ್ಪು ನಂಬರ್ ಪ್ಲೇಟಲ್ಲಿ ಹಳದಿ ಅಕ್ಷರ ಇರೋವು. ಎರಡು ದಿನಕ್ಕೆ ತಗೊಂಡು ಮನೆ ತನಕ ಬನ್ನಿ, ಹಾಸನದ ತನಕ ಸುಮಾರು 185 ಕಿಮೀ, ಬಾಡಿಗೆ ದುಡ್ಡು ದಂಡ ಅನ್ಕೋಬೇಡಿ, ಲಕ್ಷಗಟ್ಲೆ ತಪ್ಪು ತಪ್ಪಿಸೋ ದುಡ್ಡದು. ಮೊದಲನೇ ದಿನ ಯಾವ ಬೈಕೂ ಚೆನ್ನಾಗೇ ಕಾಣುತ್ತೆ, ಹೊಸದರ ಖುಷೀಲಿ ನೋವು ತಿಳಿಯಲ್ಲ. ರಾತ್ರಿ ಮಲಗೆದ್ದು ಎರಡನೇ ದಿನ ಬೆಳಿಗ್ಗೆ ಜಾಕೆಟ್ ಹಾಕ್ಕೊಳ್ಳುವಾಗ ಮನಸ್ಸು ಏನು ಹೇಳುತ್ತೆ ಅಂತ ನೋಡಿ, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ದಾರೀಲಿ ನೋಡ್ಬೇಕಾದ್ದು ಹೇಳ್ತೀನಿ. ನೆಲಮಂಗಲ ತನಕದ ಟ್ರಾಫಿಕ್ಕಲ್ಲಿ ರೇಡಿಯೇಟರ್ ಫ್ಯಾನ್ ತಿರುಗಿದಾಗ ಬಿಸಿಗಾಳಿ ಎಲ್ಲಿಗೆ ಬೀಳುತ್ತೆ, ನೆಲದ ಕಡೆಗಾ, ನಿಮ್ಮ ಮೊಣಕಾಲಿಗಾ. ಹೈವೇ ಖಾಲಿ ಇರೋ ಕಡೆ 80ರಲ್ಲಿ ಹೋಗುವಾಗ ಹೆಲ್ಮೆಟ್ ಅದುರ್ತಾ ಇದ್ರೆ, ಸೀಟಿಂದ ಒಂದು ಗೇಣು ಎದ್ದು ನೋಡಿ, ಎದ್ದಾಗ ಗಾಳಿ ನೀಟಾಗಿ ಬಂದು ಅದುರೋದು ನಿಂತ್ರೆ ತಪ್ಪು ಹೆಲ್ಮೆಟ್ಟಿಂದಲ್ಲ, ವಿಂಡ್‌ಸ್ಕ್ರೀನಿಂದು. ಸ್ಕ್ರೀನ್ ಎತ್ತರ ಬದಲಾಯಿಸೋಕೆ ಆಗೋ ಬೈಕ್ ಇದ್ರೆ ಅಲ್ಲೇ ನಿಲ್ಸಿ ಬದಲಾಯಿಸಿ ಮತ್ತೆ ನೋಡಿ. ಘಾಟ್ ರೋಡಲ್ಲಿ ಥ್ರಾಟಲ್ (ಆಕ್ಸಿಲರೇಟರ್) ಮುಚ್ಚಿ ಮತ್ತೆ ಮೆಲ್ಲಗೆ ತೆಗೆದಾಗ ಬೈಕ್ ಜರ್ಕ್ ಹೊಡಿಯುತ್ತಾ ಅಂತ ಗಮನ ಇಡಿ, ಪುಷ್ಯ ಮಳೇಲಿ ಎಲೆ ಬಿದ್ದು ಪಾಚಿ ಕಟ್ಟಿರೋ ತಿರುವಲ್ಲಿ ಆ ಜರ್ಕೇ ಹಿಂದಿನ ಚಕ್ರ ಜಾರಿಸೋದು. ಆಮೇಲೆ ನಿಮ್ಮ ಮನೆ ಮುಂದಿನ ರೋಡಲ್ಲೇ ಕಾಲು ಇಡದೆ ಯೂ ಟರ್ನ್ ಹೊಡೀರಿ. ರಾತ್ರಿ ಒಂದು ಹತ್ತು ಕಿಮೀ ಹೆಡ್‌ಲೈಟ್ ನೋಡೋಕೇ ಅಂತ ಹೋಗ್ಬನ್ನಿ, ಮಂಜು ಇದ್ರೆ ಒಳ್ಳೇದೇ ಆಯ್ತು.

ಉಳಿದದ್ದು ಸುಲಭ. ಟೈರ್ ಟ್ಯೂಬ್‌ಲೆಸ್ ಇರ್ಲೇಬೇಕು, ರಾತ್ರಿ ಹೊತ್ತು ಬಿಸಿಲೆ ಘಾಟಲ್ಲಿ ಟ್ಯೂಬ್ ಪಂಕ್ಚರ್ ಆದ್ರೆ ಯಾರೂ ಸಿಗಲ್ಲ. ಮುಂದಿನ ಚಕ್ರ 17 ಅಥವಾ 19 ಇಂಚು ಸಾಕು, 21 ಇಂಚು ಕಲ್ಲುಮಣ್ಣಲ್ಲೇ ಓಡಿಸೋರಿಗೆ. ಟ್ಯಾಂಕು 15 ಲೀಟರ್ ಮೇಲಿರ್ಲಿ. ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ಬೈಕಿನ ತಳಕ್ಕೂ ನೆಲಕ್ಕೂ ಇರೋ ಅಂತರ, ನಿಂಜಾದು 130 ಮಿಮೀ, ವರ್ಸಿಸ್‌ದು 170, ಎನ್‌ಎಕ್ಸ್ 500ದು 180. ನಮ್ಮ ಹಳ್ಳಿಗಳ ಹಂಪು ಅಳತೆ ಹಿಡ್ದು ಹಾಕಿರೋದಲ್ಲ, ಹಿಂದೆ ಒಬ್ರು, ಪಕ್ಕಕ್ಕೆರಡು ಬ್ಯಾಗು ಇದ್ದಾಗ ಬೈಕ್ ಇನ್ನೂ ಕೆಳಗೆ ಕೂರುತ್ತೆ, ಹಂಗಾಗಿ ತೋಟದ ದಾರಿ ಇರೋರು 160 ಮಿಮೀಗಿಂತ ಕಮ್ಮಿದು ತಗೋಬೇಡಿ.

ಸರ್ವಿಸ್ ಎಲ್ಲಿ ಅಂತ ಮೊದ್ಲೇ ಕೇಳಿ. ಕೆಲವು ಕಂಪನಿಗೆ ಹಾಸನ, ಚಿಕ್ಕಮಗಳೂರಲ್ಲೇ ಕೆಲಸಗಾರರು ಇದ್ದಾರೆ, ಕೆಲವಕ್ಕೆ ಬೆಂಗ್ಳೂರಿಗೇ ಹೋಗ್ಬೇಕು, ಒಂದು ಸರ್ವಿಸಿಗೆ ಎರಡು ದಿನ ರಜೆ. ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ಲು, ಏರ್ ಫಿಲ್ಟರ್, ಕ್ಲಚ್ ಲಿವರ್ ಈ ನಾಲ್ಕಕ್ಕೆ ರೇಟ್ ಎಷ್ಟು, ಎಷ್ಟು ದಿನಕ್ಕೆ ಬರುತ್ತೆ ಅಂತ ಕೌಂಟರಲ್ಲಿ ಕೇಳಿ. ನನ್ನ ಸ್ನೇಹಿತನಿಗೆ ಒಂದು ಲಿವರ್ ಬರೋಕೆ ಐದು ವಾರ ಆಗಿತ್ತು, ಅದೂ ಮಳೆ ಶುರುವಾಗೋ ಮುಂಚಿನ ಒಳ್ಳೇ ಐದು ವಾರ.

ಸೆಕೆಂಡ್ ಹ್ಯಾಂಡ್ ನೋಡೋರಿಗೆ: ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರದ್ದು. ಓಡಿರೋದು ಕಮ್ಮಿ ಅಂತ ತೋರಿಸಿ ಟೈರ್ ಬದಲಾಯಿಸಿದ್ರೆ ಯಾಕೆ ಅಂತ ಕೇಳಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಅದು ತಡೆಯೋ ಜಾಗದ ಲೋಹ ಜಜ್ಜಿದ್ರೆ ಬೈಕ್ ಜೋರಾಗಿ ಬಿದ್ದಿದೆ. ಫೋರ್ಕ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕೊಳವೆ) ಮೇಲೆ ಎಣ್ಣೆ ಪಸೆ ಇರಬಾರ್ದು. ಸಾಲ ತೀರಿದೆ ಅಂತ ಸಾಲ ಕೊಟ್ಟೋರು ಕೊಡೋ ಎನ್‌ಒಸಿ ಕೈಗೆ ಬರೋ ತನಕ ದುಡ್ಡು ಕೊಡ್ಬೇಡಿ.

ಸಾಮಾನು ಕಟ್ಟೋಕೆ ರಬ್ಬರ್ ಹಗ್ಗದ ಹುಕ್ಕು ಬೇಡ, ಎಗರಿ ಕಣ್ಣಿಗೆ ಹೊಡೆದಿರೋದು ನೋಡಿದೀನಿ, ಬಕಲ್ ಇರೋ ಪಟ್ಟಿ ತಗೊಳ್ಳಿ. ರೋಡ್ ಸೈಡಲ್ಲಿ ವೆಲ್ಡಿಂಗ್ ಮಾಡ್ಕೊಡೋ ಅಗ್ಗದ ಕ್ಯಾರಿಯರ್ ಅಲುಗಾಟಕ್ಕೆ ಬಿರುಕು ಬಿಡುತ್ತೆ. ಎದುರಿಗೆ ಬರೋರ ಕಣ್ಣು ಕುಕ್ಕೋ ಬಿಳಿ ಎಲ್‌ಇಡಿ ಪಟ್ಟಿಗೆ ದುಡ್ಡು ಹಾಕ್ಬೇಡಿ, ಮಂಜಲ್ಲಿ ಅದು ನಿಮ್ಮ ಕಣ್ಣಿಗೇ ವಾಪಸ್ ಹೊಡಿಯುತ್ತೆ.

ಡೆಲಿವರಿ ದಿನ ಟೈರ್ ಪ್ರೆಶರ್ ನಿಮ್ಮ ಮುಂದೇ ಚೆಕ್ ಮಾಡ್ಸಿ, ಬ್ರೇಕ್, ಕ್ಲಚ್ ಲಿವರ್ ನಿಮ್ಮ ಕೈ ಎತ್ತರಕ್ಕೆ ತಿರುಗಿಸಿ ಕೊಡೋಕೆ ಹೇಳಿ, ಹಿಂದಿನ ಸಸ್ಪೆನ್ಷನ್ ಪ್ರೀಲೋಡ್ (ಸ್ಪ್ರಿಂಗ್ ಬಿಗಿ) ಒಬ್ರಿಗೆ ಎಷ್ಟು, ಇಬ್ರು ಮತ್ತೆ ಬ್ಯಾಗಿಗೆ ಎಷ್ಟು ಅಂತ ಅವರ ಕೈಲೇ ತಿರುಗಿಸಿ ತೋರ್ಸಿಕೊಳ್ಳಿ. ಹೊಸ ಟೈರ್ ಮೇಲ್ಮೈ ನುಣುಪಾಗಿರುತ್ತೆ, ಮೊದಲ 150 ಕಿಮೀ ಹಿಡಿತ ಕಮ್ಮಿ. ಪೂಜೆ ಮಾಡ್ಸಿದ ದಿನವೇ ಮುಳ್ಳಯ್ಯನಗಿರಿ ಹತ್ತೋಕೆ ಹೋಗ್ಬೇಡಿ, ಕಡೂರು ರೋಡಲ್ಲಿ ಎರಡು ಸಲ ಹೋಗಿ ಬನ್ನಿ, ಗಿರಿಗೆ ಮುಂದಿನ ಭಾನುವಾರ ಹೋದ್ರಾಯ್ತು.