ಎಡಗೈ ನಾಯಕನಿಗೆ ಗುಂಡಿಗಳನ್ನು ಹೊಂದಿಸಿದ ನನ್ನ ಅನುಭವ

ಎಡಗೈಯಲ್ಲಿ ಒಡಿಕತ್ತಿ (ಕೊಡವರ ಬಾಗಿದ ಯುದ್ಧಕತ್ತಿ) ಹಿಡಿದ ನಾಯಕನನ್ನಿಟ್ಟು ಕೊಡಗಿನ ಹಿನ್ನೆಲೆಯ ವಿಡಿಯೊ ಆಟವೊಂದನ್ನು ಮಾಡಲು ನಾನು ಹೊರಟಾಗ, ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ಸ್ನೇಹಿತರು ಹೇಳಿದ್ದು ಒಂದೇ ಮಾತು: "ಬಲಗೈ ಮಾಡಿ ಮುಗಿಸು ಮಾರಾಯ, ಯಾರಿಗೂ ಗೊತ್ತಾಗುವುದಿಲ್ಲ." ಅವರ ಬಳಿ ದೊಡ್ಡ ಉದಾಹರಣೆಯೂ ಇತ್ತು. ನಿಂಟೆಂಡೊ ಕಂಪನಿಯ ಜೆಲ್ಡಾ ಆಟಗಳ ಸರಣಿಯ ನಾಯಕ ಲಿಂಕ್ ಬಹುಕಾಲ ಎಡಗೈಯವನಾಗಿದ್ದ. 2006ರಲ್ಲಿ ಆ ಸರಣಿಯ ಟ್ವೈಲೈಟ್ ಪ್ರಿನ್ಸೆಸ್, ರಿಮೋಟ್ ಬೀಸಿ ಆಡುವ ವೀ ಯಂತ್ರಕ್ಕೆ ಬಂದಾಗ, ಹೆಚ್ಚಿನವರು ರಿಮೋಟನ್ನು ಬಲಗೈಯಲ್ಲೇ ಹಿಡಿಯುತ್ತಾರೆಂಬ ಕಾರಣಕ್ಕೆ ನಿಂಟೆಂಡೊ ಇಡೀ ಆಟವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿತು. ಅದಕ್ಕೂ ಹಿಂದಿನ ಯಂತ್ರವಾದ ಗೇಮ್‌ಕ್ಯೂಬ್‌ನ ಆವೃತ್ತಿಯಲ್ಲಿ ಮಾತ್ರ ಅವನ ಎಡಗೈ ಉಳಿಯಿತು. 2011ರ ಸ್ಕೈವರ್ಡ್ ಸೋರ್ಡ್‌ನಲ್ಲಿ ಅವನು ಬಲಗೈಯವನೇ ಆದ. ಆದರೆ ಆ ಕಾರಣ ಬೀಸುವ ರಿಮೋಟಿಗೆ ಸೇರಿದ್ದು. ಎರಡೂ ಕೈಯಲ್ಲಿ ಹಿಡಿಯುವ ಗೇಮ್‌ಪ್ಯಾಡಿಗೂ ಫೋನಿಗೂ ಅದನ್ನೇ ಅನ್ವಯಿಸಬೇಕೇಕೆ ಎಂಬುದು ನನ್ನ ವಾದವಾಗಿತ್ತು.

ಇಡೀ ಲೋಕವನ್ನು ತಿರುಗಿಸುವ ಉಪಾಯವನ್ನು ನಾನೂ ಪರೀಕ್ಷಿಸಿದೆ. ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯ ಪೂರ್ವಕ್ಕೆ ಮುಳುಗಿದ, ಅಂಗಡಿಗಳ ಕನ್ನಡ ಫಲಕಗಳೆಲ್ಲ ತಿರುಗುಮುರುಗಾದವು. ಊರಿನವರು ಆಡುವ ಆಟಕ್ಕೆ ಅದು ಒಪ್ಪುವಂಥದ್ದಲ್ಲ. ನಾಯಕನೊಬ್ಬನಿಗೇ ಎಕ್ಸ್ ಅಕ್ಷದಲ್ಲಿ ಋಣ ಅಳತೆ ಕೊಟ್ಟು ಎಡಬಲ ತಿರುಗಿಸಿದಾಗ ಕುಪ್ಯದ (ಕೊಡವರ ಉದ್ದನೆಯ ಮೇಲಂಗಿ) ಮಡಿಕೆ ಇನ್ನೊಂದು ಬದಿಗೆ ಹೋಯಿತು, ಚೇಲೆಗೆ (ಸೊಂಟಪಟ್ಟಿ) ಸಿಕ್ಕಿಸಿದ ಪೀಚೆಕತ್ತಿ ಎಂಬ ಚಿಕ್ಕ ಕತ್ತಿಯ ಬದಿಯೂ ಬದಲಾಯಿತು; ಉಡುಪಿನ ಕ್ರಮ ತೊಟ್ಟವನ ಕೈಯನ್ನು ನೋಡಿ ಬದಲಾಗುವಂಥದ್ದಲ್ಲವಲ್ಲ. ಡಿಕ್ಕಿಯನ್ನು ಗುರುತಿಸುವ ಪೆಟ್ಟಿಗೆಗಳಾದ ಬಾಕ್ಸ್ ಕೊಲೈಡರ್‌ಗಳಂತೂ ಋಣ ಅಳತೆಯನ್ನು ಒಪ್ಪದೆ ಎಚ್ಚರಿಕೆಗಳನ್ನು ಸುರಿಸಿದವು. ಕೊನೆಗೆ ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಚಲನೆಯನ್ನು ಎಡಬಲ ಮಾಡುವ ಮಿರರ್ ಗುರುತನ್ನು ಹಾಕಿದರೆ ಎಡತೋಳು ಚೆನ್ನಾಗಿಯೇ ಬೀಸಿತು, ಆದರೆ ಕತ್ತಿ ಗೊಂಬೆಯ ಬಲಗೈಯ ಮೂಳೆಗೇ ಅಂಟಿಕೊಂಡಿದ್ದರಿಂದ ನಾಯಕ ಬರಿಗೈಯನ್ನು ಬೀಸುತ್ತ, ಇನ್ನೊಂದು ಕೈಯಲ್ಲಿ ಕತ್ತಿಯನ್ನು ಸುಮ್ಮನೆ ಹಿಡಿದು ನಿಂತಿದ್ದ. ಈ ವಿಡಿಯೊ ನೋಡಿ ಸ್ನೇಹಿತರು ನಕ್ಕದ್ದು ಇನ್ನೂ ನನ್ನ ಫೋನಿನಲ್ಲಿದೆ.

ಈ ಹಂತಕ್ಕೆ ಸುಮಾರು 60,000 ರೂಪಾಯಿ ಕೈಬಿಟ್ಟಿತ್ತು. ಅದರಲ್ಲಿ ಹೆಚ್ಚಿನ ಪಾಲು ಮೈಸೂರಿನ ಒಬ್ಬ ಅನಿಮೇಟರ್‌ಗೆ ಹೋಯಿತು. ಹಳೆಯ ಗೇಮ್‌ಪ್ಯಾಡುಗಳಿಗೆ ಏಳೆಂಟು ಸಾವಿರ, ಮಳೆಗಾಲದಲ್ಲಿ ಕರೆಂಟು ಆಗಾಗ ಹೋಗುವ ಕಾರಣ ಯುಪಿಎಸ್ ಬ್ಯಾಟರಿಗೆ ಇನ್ನಷ್ಟು. ಆ ವರ್ಷದ ಕರಿಮೆಣಸು ಒಳ್ಳೆಯ ಬೆಲೆಗೆ ಹೋಗದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಚಲನೆಗಳನ್ನು ಎರಡು ಪದರಗಳಾಗಿ ಬೇರ್ಪಡಿಸಿದ ಮೇಲೆ. ಹೊಡೆತ, ತಡೆ, ಬೆನ್ನಿನ ತೊಡಂಗಿನಿಂದ (ಕತ್ತಿಯ ಕೊಂಡಿ) ಒಡಿಕತ್ತಿ ಸೆಳೆಯುವುದು ಇವೆಲ್ಲ ಕನ್ನಡಿಯಾದ ಪದರದಲ್ಲಿವೆ. ಹಿರಿಯರ ಕಾಲು ಮುಟ್ಟುವುದು, ಕೊಟ್ಟದ್ದನ್ನು ತೆಗೆದುಕೊಳ್ಳುವುದು, ಊಟ ಮಾಡುವುದು ಇವು ಕನ್ನಡಿಯಾಗದ ಪದರದಲ್ಲಿವೆ, ಏಕೆಂದರೆ ನಮ್ಮ ಕಡೆ ಎಡಗೈಯವನೂ ಬಲಗೈಯಲ್ಲೇ ಉಣ್ಣುತ್ತಾನೆ, ಬಲಗೈಯಲ್ಲೇ ಈಸಿಕೊಳ್ಳುತ್ತಾನೆ. ಮೊದಲ ಆವೃತ್ತಿಯಲ್ಲಿ ಅಜ್ಜಿ ಕೊಟ್ಟ ಕಡುಬನ್ನು ನಾಯಕ ಎಡಗೈಯಲ್ಲಿ ತೆಗೆದುಕೊಂಡಾಗ ನನ್ನ ಅತ್ತೆ ಫೋನನ್ನೇ ಕೆಳಗಿಟ್ಟರು. ಒಂದು ಪದರದಿಂದ ಇನ್ನೊಂದಕ್ಕೆ ಜಾರುವಾಗ ಕತ್ತಿ ಎಲ್ಲಿರಬೇಕು, ಯಾವ ಫ್ರೇಮಿನಲ್ಲಿ ಅದರ ತಾಯಿಮೂಳೆ (ಅದು ಅಂಟಿಕೊಂಡಿರುವ ಮೂಳೆ) ಬದಲಾಗಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸೊತ್ತು.

ಇನ್ನು ಗುಂಡಿಗಳ ವಿಷಯ. ಟ್ರಿಗರ್ ಎಂದರೆ ಗೇಮ್‌ಪ್ಯಾಡಿನಲ್ಲಿ ತೋರುಬೆರಳು ಒತ್ತುವ ಗುಂಡಿ. ಹೊಡೆತವನ್ನು ಎಲ್ಲರಂತೆ ಬಲ ಟ್ರಿಗರ್‌ನಲ್ಲಿ, ಗುರಾಣಿಯನ್ನು ಎಡದ್ದರಲ್ಲಿ ಇಟ್ಟಾಗ, ಗಾಬರಿಯಾದ ಹೊತ್ತಿನಲ್ಲಿ ಆಡುವವರು ಹೊಡೆಯುವ ಬದಲು ಗುರಾಣಿ ಎತ್ತುತ್ತಿದ್ದರು. ಪರದೆಯ ಮೇಲೆ ಎಡತೋಳು ಬೀಸುವುದನ್ನು ಕಂಡ ಬೆರಳು ಎಡಬದಿಯದನ್ನೇ ಒತ್ತುತ್ತದೆ. 2009ರ ಡೀಮನ್ಸ್ ಸೋಲ್ಸ್ ಎಂಬ ಆಟ ಬಲಗೈಯ ಆಯುಧಕ್ಕೆ ಬಲಬದಿಯ ಗುಂಡಿ, ಎಡಗೈಗೆ ಎಡಬದಿಯ ಗುಂಡಿ ಎಂದು ಇಟ್ಟಿತ್ತು. ನಾನು ಅದನ್ನೇ ಕೊನೆಯವರೆಗೂ ಎಳೆದೆ. ಕತ್ತಿ ಎಡ ಟ್ರಿಗರ್, ಗುರಾಣಿ ಬಲ ಟ್ರಿಗರ್. ತೊಂದರೆ ಬಂದದ್ದು ಬೇರೆ ಕಡೆಯಿಂದ: ಎಡ ಹೆಬ್ಬೆರಳು ಗೇಮ್‌ಪ್ಯಾಡಿನ ಪುಟ್ಟ ಕೋಲನ್ನು ತಳ್ಳುತ್ತ ಅದನ್ನೇ ಒತ್ತಿ ಓಡಬೇಕು, ಅದೇ ಕೈಯ ತೋರುಬೆರಳು ಹೊಡೆಯಬೇಕು, ಹತ್ತು ನಿಮಿಷಕ್ಕೆ ಕೈ ಸೋಲುತ್ತಿತ್ತು. ಓಟವನ್ನು ಗೇಮ್‌ಪ್ಯಾಡಿನ ಬಲ ಭುಜದ ಗುಂಡಿಗೆ ಸಾಗಿಸಿದ ದಿನವೇ ಆ ದೂರು ನಿಂತಿತು.

ಕ್ಯಾಮೆರಾವನ್ನೂ ಮರೆಯುವಂತಿಲ್ಲ. ನಾಯಕನ ಬಲ ಭುಜದ ಹಿಂದಿನಿಂದ ನೋಡಿದರೆ ಎಡಗೈ ಪರದೆಯ ಅಂಚಿಗೆ ಸರಿದು, ಫೋನಿನಲ್ಲಿ ಹೆಬ್ಬೆರಳಿನಡಿಯೇ ಮುಚ್ಚಿಹೋಗುತ್ತದೆ. ಎಡ ಭುಜಕ್ಕೆ ತಂದರೆ ನಾಯಕ ಬಲಕ್ಕೆ ಸರಿದು ಕತ್ತಿ ನಡುವಿಗೆ ಬರುತ್ತದೆ. ಕಾಫಿ ತೋಟದ ಹಂತದಲ್ಲಿ ಸಿಲ್ವರ್ ಓಕ್ ಮರದ ಎಡಬದಿಯಿಂದ ಇಣುಕಿ ಹೊಡೆಯುವುದೂ ಇದರಿಂದ ಸುಲಭವಾಯಿತು.

ನಾನು ನಿರೀಕ್ಷಿಸದೇ ಇದ್ದದ್ದು ಕಾಳಗದ ಲೆಕ್ಕ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಸಮಯದಲ್ಲಿ ಮಂದ್‌ನಲ್ಲಿ (ಊರ ಬಯಲು) ಬೆತ್ತ, ಗುರಾಣಿ ಹಿಡಿದು ಆಡುವ ಪರಿಯಕಳಿಯನ್ನು ಚಿತ್ರೀಕರಿಸಿಕೊಂಡು ಬಂದು ಎದುರಾಳಿಗಳ ಚಲನೆಗೆ ಬಳಸಿದ್ದೆ. ಬೆತ್ತದ ಏಟು ಮೊಣಕಾಲಿನ ಕೆಳಗೇ ಬೀಳಬೇಕೆಂಬ ನಿಯಮವನ್ನೂ ಆ ಹಂತದಲ್ಲಿ ಉಳಿಸಿಕೊಂಡೆ. ಎದುರಾಳಿ ಬಲಗೈಯವನಾದರೆ ಅವನ ಬೆತ್ತವೂ ನಾಯಕನ ಬೆತ್ತವೂ ಒಂದೇ ಬದಿಗೆ ಬರುತ್ತವೆ, ಗುರಾಣಿಗಳೆರಡೂ ಇನ್ನೊಂದು ಬದಿಗೆ. ನಾಯಕನ ಏಟು ಗುರಾಣಿಯಿಲ್ಲದ ಬದಿಗೆ ನೇರವಾಗಿ ಬೀಳುತ್ತದೆ, ಎದುರಾಳಿಯದೂ ಹಾಗೆಯೇ. ಕಾಳಗ ಅರ್ಧ ಸಮಯದಲ್ಲಿ ಮುಗಿಯತೊಡಗಿತು. ಎದುರಾಳಿಯ ಏಟಿನ ಬಲವನ್ನು ಸುಮಾರು ಮೂರನೇ ಒಂದು ಪಾಲು ಇಳಿಸಿ, ನಡುವೆ ಒಬ್ಬಿಬ್ಬರು ಎಡಗೈ ಎದುರಾಳಿಗಳನ್ನು ಸೇರಿಸಿದ ಮೇಲೆ ಹದಕ್ಕೆ ಬಂತು.

ನಡುವೆ ಫೋನನ್ನು ನಿಜವಾದ ಬೆತ್ತಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಫೋನಿನ ತಿರುಗಾಟವನ್ನು ಅಳೆಯುವ ಗೈರೋ ಬಳಸಿ ಬೀಸಿದ್ದೂ ಉಂಟು. ಎರಡು ಮೂರು ಏಟಿಗೆ ದಿಕ್ಕು ತಪ್ಪುತ್ತಿತ್ತು. ಕೊನೆಗೆ ಫೋನು ಅಂಗಳದ ಕಲ್ಲಿಗೆ ಬಿದ್ದು, ಗೋಣಿಕೊಪ್ಪಲಿನಲ್ಲಿ ಪರದೆ ಹಾಕಿಸಲು ಮೂರು ಸಾವಿರ ತೆತ್ತೆ. ಆದರೂ ಅಷ್ಟು ಖುಷಿ ಬೇರೆ ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ.

ಈಗ ಆಟದಲ್ಲಿ ಮೂರು ಆಯ್ಕೆಗಳಿವೆ. "ನಾಯಕನ ಕೈ" ಎಂಬುದರಲ್ಲಿ ಗುಂಡಿ ಅವನ ತೋಳಿನ ಬದಿಗಿರುತ್ತದೆ. "ಆಟಗಾರನ ಕೈ" ಆರಿಸಿದರೆ ಫೋನಿನಲ್ಲಿ ನಡೆಸುವ ವೃತ್ತವೂ ಹೊಡೆಯುವ ಗುಂಡಿಯೂ ಬದಿ ಬದಲಿಸುತ್ತವೆ. "ಹಳೆಯ ರೂಢಿ"ಯಲ್ಲಿ ಹೊಡೆತ ಬಲಕ್ಕೇ ಇರುತ್ತದೆ. ವಿರಾಜಪೇಟೆ, ಮಡಿಕೇರಿಯ ಹುಡುಗರು ಮೂವತ್ತು ನಲವತ್ತು ಮಂದಿ ಆಡಿ ನೋಡಿದರು. ಬಲಗೈಯವರೇ ಹೆಚ್ಚಿದ್ದ ಆ ಗುಂಪಿನಲ್ಲಿ ಮುಕ್ಕಾಲು ಪಾಲು ಜನ ಮೊದಲನೆಯದನ್ನೇ ಉಳಿಸಿಕೊಂಡರು. "ಬಲಗೈ ಮಾಡಿ ಮುಗಿಸು" ಎಂದಿದ್ದ ಸ್ನೇಹಿತನೇ ಕಳೆದ ತಿಂಗಳು ಪದರ ಬದಲಾಯಿಸುವ ಕಡತವನ್ನು ಕೇಳಿದ. ಆಡಿ ನೋಡಲು ಆಟವನ್ನು ಕಳಿಸಿದ್ದೇನೆ, ಕಡತವನ್ನು ಕಳಿಸಿಲ್ಲ.